ಭೇದಿ ನಿಂತಿತು ಸರಿ, ಮಗು ಊಟ ಮಾಡಿತೇ?

ಈ ಸಲದ ಆರೋಗ್ಯ ಪಾಠ ಐದು ವರ್ಷದೊಳಗಿನ ಮಕ್ಕಳ ಬಗ್ಗೆ. ಅದರಲ್ಲೂ ಊರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಬಂದ ಮಕ್ಕಳು, ಮತ್ತು ನಮ್ಮ ಜೊತೆಗೇ ಸೈಟಿಗೆ, ಇಟ್ಟಿಗೆ ಭಟ್ಟಿಗೆ, ಕಬ್ಬಿನ ಗದ್ದೆಗೆ ಬಂದ ಮಕ್ಕಳು. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ. ಮನೆಯಲ್ಲಿ ಓದು ಬಾರದ ಹಿರಿಯರಿದ್ದರೆ ಓದಿ ಹೇಳಿ, ಯಾಕೆಂದರೆ ಮಗುವಿಗೆ ಉಣ್ಣಿಸುವವರು ಬಹಳ ಸಲ ಅವರೇ.

ರಾಯಚೂರು, ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಬಂದ ಮನೆಗಳಿಗೆಲ್ಲ ಈ ಫೋನು ಗೊತ್ತು. "ಕೂಸಿಗೆ ಭೇದಿ ಹತ್ಯಾವ, ಮೂರು ದಿನ ಆತು." ಮತ್ತೆರಡು ದಿನಕ್ಕೆ "ಈಗ ಆರಾಮ ಅದ, ನೀ ಚಿಂತಿ ಮಾಡಬ್ಯಾಡ." ಅಲ್ಲಿಗೆ ವಿಷಯ ಮುಗಿಯಿತು ಅಂದುಕೊಳ್ಳುತ್ತೇವೆ. ಎರಡು ತಿಂಗಳಿಗೆ ಮತ್ತೆ ಅದೇ ಫೋನು. ಜಾತ್ರೆಗೋ ಹಬ್ಬಕ್ಕೋ ಊರಿಗೆ ಹೋದಾಗ ಮಗುವಿನ ತೋಳು ಸಣ್ಣಗಾಗಿರುತ್ತದೆ, ಕೂದಲು ಮಂಕಾಗಿರುತ್ತದೆ, ಆಟದ ಉತ್ಸಾಹ ಇರುವುದಿಲ್ಲ. ದೃಷ್ಟಿ ತಾಗಿದೆ ಅನ್ನುತ್ತಾರೆ, ಹಲ್ಲು ಬರುತ್ತಿದೆ ಅನ್ನುತ್ತಾರೆ, ಬಾಲಗ್ರಹ ಅನ್ನುತ್ತಾರೆ.

ಅದು ಐದಾರು ಬೇರೆ ಬೇರೆ ಕಾಯಿಲೆ ಅಲ್ಲ. ಒಂದೇ ಸುತ್ತು. ಭೇದಿಯಿಂದ ಮಗು ಸೊರಗುತ್ತದೆ, ಸೊರಗಿದ್ದರಿಂದ ರೋಗ ತಡೆಯುವ ಶಕ್ತಿ ಇಳಿಯುತ್ತದೆ, ಅದು ಇಳಿದದ್ದರಿಂದ ಮತ್ತೆ ಭೇದಿ. ಈ ಸುತ್ತನ್ನು ಕಡಿಯುವುದಕ್ಕೆ ಒಳ್ಳೆಯ ಜಾಗ ಒಂದಿದೆ, ಅದು ಭೇದಿ ನಿಂತ ಮೇಲಿನ ಎರಡು ವಾರ. ಎಲ್ಲರೂ ಮರೆಯುವ ಎರಡು ವಾರವೂ ಅದೇ.

*ನಮ್ಮ ಕಡೆಯ ಲೆಕ್ಕ*

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಶೇ 19.5 ಮಕ್ಕಳು ತಮ್ಮ ಎತ್ತರಕ್ಕೆ ತಕ್ಕ ತೂಕ ಇಲ್ಲ. ದೇಶದ ಸರಾಸರಿಯೂ ಹೆಚ್ಚು ಕಡಿಮೆ ಇಷ್ಟೇ. ದೇಶದ ಹಳ್ಳಿಗಳಲ್ಲಿ ಕುಳ್ಳಾಗಿ ಉಳಿದ ಮಕ್ಕಳು ಶೇ 37.3, ನಗರಗಳಲ್ಲಿ ಶೇ 30.1. ರಾಯಚೂರಿನ ಮಕ್ಕಳ ಅಪೌಷ್ಟಿಕತೆಯ ಸುದ್ದಿ ಹೈಕೋರ್ಟಿನವರೆಗೆ ಹೋಗಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ 2012ರಲ್ಲಿ ವರದಿ ಕೊಟ್ಟದ್ದು ಹಲವರಿಗೆ ನೆನಪಿರಬಹುದು. ಅಂದರೆ ಇದು ಯಾರೋ ಒಬ್ಬ ಅಜ್ಜಿಯ ತಪ್ಪಲ್ಲ, ಒಬ್ಬ ತಾಯಿಯ ನಿರ್ಲಕ್ಷ್ಯವೂ ಅಲ್ಲ.

ಇನ್ನು ಭೇದಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಐದು ವರ್ಷದೊಳಗಿನ ಸುಮಾರು 4 ಲಕ್ಷ 40 ಸಾವಿರ ಮಕ್ಕಳು ಭೇದಿಯಿಂದ ಸಾಯುತ್ತಾರೆ. ಬಡ ದೇಶಗಳಲ್ಲಿ ಮೂರು ವರ್ಷದೊಳಗಿನ ಮಗುವಿಗೆ ಸರಾಸರಿ ವರ್ಷಕ್ಕೆ ಮೂರು ಸಲ ಭೇದಿ ಆಗುತ್ತದೆ. ಚಿಕ್ಕ ಮಕ್ಕಳ ಸಾವುಗಳಲ್ಲಿ ಹತ್ತಿರ ಹತ್ತಿರ ಅರ್ಧದ ಹಿಂದೆ ಅಪೌಷ್ಟಿಕತೆ ಇರುತ್ತದೆ. ಸಾವಿನ ಕಾರಣ ಅಂತ ಬರೆಯುವುದು ಭೇದಿ, ನ್ಯುಮೋನಿಯಾ, ದಡಾರ ಅಂತ. ಹಸಿವು ಅಂತ ಯಾರೂ ಬರೆಯುವುದಿಲ್ಲ.

*ಕರುಳಿನೊಳಗೆ ಏನಾಗುತ್ತದೆ*

ಸಣ್ಣ ಕರುಳಿನ ಒಳಮೈ ನುಣುಪಾಗಿಲ್ಲ. ಟರ್ಕಿ ಟವೆಲಿನ ಹಾಗೆ ಸಾವಿರಾರು ಸಣ್ಣ ಎಳೆಗಳು ಎದ್ದು ನಿಂತಿರುತ್ತವೆ. ಉಂಡ ಅನ್ನದ ಸತ್ವವನ್ನು ಹೀರಿಕೊಳ್ಳುವುದು ಇವೇ. ಈ ಎಳೆಗಳ ಮೇಲಿನ ಜೀವಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ಸತ್ತು ಹೊಸತಾಗುತ್ತವೆ. ಮೈಯಲ್ಲಿ ಇಷ್ಟು ಬೇಗ ಹೊಸತಾಗುವ ಜಾಗ ಬೇರೆ ಇಲ್ಲವೆಂದೇ ಹೇಳಬಹುದು. ಹೊಸತಾಗಬೇಕಾದರೆ ಸಾಮಾನು ಬೇಕಲ್ಲ, ಪ್ರೋಟೀನ್ ಬೇಕು, ಜಿಂಕ್ ಬೇಕು, ವಿಟಮಿನ್ ಎ ಬೇಕು. ಮಗು ಅರೆಹೊಟ್ಟೆಯಲ್ಲಿದ್ದರೆ ಟವೆಲು ಸವೆದು ಬರೀ ಬಟ್ಟೆ ಆದ ಹಾಗೆ ಆ ಎಳೆಗಳು ಮೊಂಡಾಗುತ್ತವೆ. ಆಗ ತಿಂದದ್ದೂ ಪೂರ್ತಿ ಮೈಗೆ ಹತ್ತುವುದಿಲ್ಲ. "ಎಷ್ಟು ತಿಂದ್ರೂ ಮೈ ಹತ್ತವಲ್ದು" ಅಂತ ಅಜ್ಜಿ ಹೇಳುವುದು ಸುಳ್ಳಲ್ಲ.

ಇದೇ ಕರುಳಿನ ಗೋಡೆ ಬೇಲಿಯೂ ಹೌದು. ನಮ್ಮ ಮೈಯ ರೋಗನಿರೋಧಕ ಜೀವಕೋಶಗಳ ದೊಡ್ಡ ಪಾಲು ಇರುವುದು ಕರುಳಿನ ಸುತ್ತಮುತ್ತ. ಸೊರಗಿದ ಮಗುವಿನಲ್ಲಿ ಈ ಬೇಲಿ ಸಡಿಲವಾಗುತ್ತದೆ. ಹೊಟ್ಟೆಯೊಳಗಿನ ಆಮ್ಲ ಕಡಿಮೆಯಾಗುತ್ತದೆ, ಆದ್ದರಿಂದ ಕೊಳಕು ನೀರಿನ ರೋಗಾಣು ಅಲ್ಲೇ ಸಾಯದೆ ಕೆಳಗಿಳಿಯುತ್ತದೆ. ಎದೆಯ ಮೂಳೆಯ ಹಿಂದೆ ಥೈಮಸ್ ಅನ್ನುವ ಗ್ರಂಥಿ ಇದೆ, ರೋಗದ ವಿರುದ್ಧ ಹೋರಾಡುವ ಒಂದು ಜಾತಿಯ ಬಿಳಿ ರಕ್ತಕಣಗಳಿಗೆ ಅದು ತರಬೇತಿ ಶಾಲೆ ಇದ್ದಂತೆ. ತೀವ್ರ ಅಪೌಷ್ಟಿಕತೆಯಲ್ಲಿ ಆ ಗ್ರಂಥಿಯೇ ಕುಗ್ಗಿ ಸಣ್ಣದಾಗುತ್ತದೆ. ಇನ್ನೊಂದು ವಿಚಿತ್ರ ಏನೆಂದರೆ, ಬಹಳ ಸೊರಗಿದ ಮಗುವಿಗೆ ದೊಡ್ಡ ಸೋಂಕು ತಗಲಿದರೂ ಜ್ವರ ಬಾರದೇ ಇರಬಹುದು. ಜ್ವರ ಬರುವುದು ಮೈ ಹೋರಾಡುತ್ತಿದೆ ಅನ್ನುವುದರ ಗುರುತು. ಹೋರಾಡಲೂ ಶಕ್ತಿ ಇಲ್ಲದಿದ್ದರೆ ಮೈ ತಣ್ಣಗೇ ಇರುತ್ತದೆ. "ಜ್ವರ ಇಲ್ಲ, ಏನೂ ಆಗಿಲ್ಲ" ಅನ್ನುವ ಸಮಾಧಾನ ಇಂಥ ಮಗುವಿನ ವಿಷಯದಲ್ಲಿ ನಂಬುವಂಥದ್ದಲ್ಲ.

ಈ ಸುತ್ತನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸಿದವರು ಲಿಯೊನಾರ್ಡೊ ಮಾತಾ ಎಂಬ ವಿಜ್ಞಾನಿ. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಒಂದು ಹಳ್ಳಿಯಲ್ಲಿ ಹುಟ್ಟಿದ ಮಕ್ಕಳ ತೂಕವನ್ನು ವರ್ಷಗಟ್ಟಲೆ ಬರೆದಿಟ್ಟರು, ಪ್ರತಿ ಕಾಯಿಲೆಯನ್ನೂ ಅದೇ ಹಾಳೆಯಲ್ಲಿ ಗುರುತು ಮಾಡಿದರು. ಮೊದಲ ಕೆಲವು ತಿಂಗಳು ತಾಯಿಹಾಲಿನಲ್ಲಿ ಗೆರೆ ಚೆನ್ನಾಗಿ ಮೇಲೇರುತ್ತದೆ. ಆಮೇಲೆ ಒಂದು ಭೇದಿ, ಗೆರೆ ಮಟ್ಟಸವಾಗುತ್ತದೆ. ಸ್ವಲ್ಪ ಏರುವಷ್ಟರಲ್ಲಿ ಇನ್ನೊಂದು ಭೇದಿ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮಗು ತನ್ನ ವಯಸ್ಸಿನ ಗೆರೆಯಿಂದ ದೂರ ಸರಿಯುತ್ತಾ ಹೋಗುತ್ತದೆ. ನಮ್ಮ ಅಂಗನವಾಡಿಯ ತೂಕದ ಚಾರ್ಟಿನಲ್ಲಿ, ತಾಯಿ ಕಾರ್ಡಿನಲ್ಲಿ ಇರುವುದೂ ಇಂಥದ್ದೇ ಗೆರೆ. ಊರಿಗೆ ಹೋದಾಗ ಅದನ್ನು ಒಮ್ಮೆ ಬಿಡಿಸಿ ನೋಡಿ. ಮಗುವಿನ ಎರಡು ವರ್ಷದ ಕಥೆ ಅದರಲ್ಲಿರುತ್ತದೆ.

ಒಂದು ಲೆಕ್ಕ ಹೇಳುತ್ತೇನೆ. ಒಂದು ವರ್ಷ ದಾಟಿದ ಆರೋಗ್ಯವಂತ ಮಗು ತಿಂಗಳಿಗೆ ಸುಮಾರು 200 ಗ್ರಾಂ ತೂಕ ಏರುತ್ತದೆ. ಒಂದು ಜೋರು ಭೇದಿಯಲ್ಲಿ 400 ಗ್ರಾಂ ಇಳಿದರೆ ಎರಡು ತಿಂಗಳ ಬೆಳವಣಿಗೆ ಹೋಯಿತು. ಅದರಲ್ಲಿ ನೀರಿನ ಪಾಲು ಬೇಗ ವಾಪಸ್ ಬರುತ್ತದೆ. ಮಾಂಸದ ಪಾಲು ಊಟ ಹಾಕದೆ ವಾಪಸ್ ಬರುವುದಿಲ್ಲ.

*ಹೊಟ್ಟೆ ಖಾಲಿ ಬಿಡಬೇಡಿ*

"ತಿಂದದ್ದೆಲ್ಲ ಹೊರಗೆ ಹೋಗುತ್ತದೆ, ಹೊಟ್ಟೆಗೆ ವಿಶ್ರಾಂತಿ ಕೊಡೋಣ" ಅನ್ನುವುದು ತಲೆತಲಾಂತರದ ನಂಬಿಕೆ. ಕೇಳಲು ಸರಿ ಅನ್ನಿಸುತ್ತದೆ, ಆದರೆ ಭೇದಿಯ ನಡುವೆಯೂ ಕರುಳು ಅರ್ಧಕ್ಕಿಂತ ಹೆಚ್ಚು ಸತ್ವವನ್ನು ಹೀರಿಕೊಳ್ಳುತ್ತದೆ. ಸವೆದ ಗೋಡೆಯನ್ನು ರಿಪೇರಿ ಮಾಡಲು ಅದಕ್ಕೆ ಆಗಲೇ ಆಹಾರ ಬೇಕು. ಕೆಲಸ ನಡೆಯುವಾಗಲೇ ಸಿಮೆಂಟು ಬಂದ್ ಮಾಡಿದರೆ ಗೋಡೆ ಏಳುತ್ತದೆಯೇ?

ತಾಯಿಹಾಲು ಕುಡಿಯುವ ಮಗುವಿಗೆ ಅದನ್ನು ನಿಲ್ಲಿಸುವ ಪ್ರಶ್ನೆಯೇ ಇಲ್ಲ, ಹೆಚ್ಚು ಸಲ ಕುಡಿಸಬೇಕು. ತಾಯಿಯ ಹಾಲು ಕೆಟ್ಟು ಭೇದಿ ಆಯಿತು ಅನ್ನುವ ಮಾತಿಗೆ ಆಧಾರವಿಲ್ಲ. ಆ ಹಾಲಿನಲ್ಲಿ ಕರುಳಿಗೆ ಕಾವಲು ನಿಲ್ಲುವ ಅಂಶಗಳೇ ಇವೆ. ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ, ಬೇಸಿಗೆಯಲ್ಲಿ ನೀರೂ ಬೇಡ, ಜೇನು, ಗುಟ್ಟಿ, ಗ್ರೈಪ್ ವಾಟರ್ ಯಾವುದೂ ಬೇಡ. ಹಾಲಿನ ಬಾಟಲಿಯಂತೂ ನಮ್ಮ ನೀರು, ನಮ್ಮ ತೊಳೆಯುವ ಅನುಕೂಲದಲ್ಲಿ ಭೇದಿಯ ಡಬ್ಬಿಯೇ ಸರಿ. ಆರು ತಿಂಗಳೊಳಗಿನ ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗಲೇಬೇಕಾದ ತಾಯಂದಿರಿಗೆ ಈ ಮಾತು ನೋವು ಕೊಡುತ್ತದೆ ಅಂತ ಗೊತ್ತು. ಅಂಥವರು ಹಾಲನ್ನು ಕೈಯಿಂದ ಹಿಂಡಿ, ಕುದಿಸಿ ತೊಳೆದ ಲೋಟದಲ್ಲಿ ಮುಚ್ಚಿಟ್ಟು, ಚಮಚದಲ್ಲಿ ಅಥವಾ ಒಳಲೆಯಲ್ಲಿ ಕುಡಿಸಲು ಹೇಳಿ ಹೋಗಬಹುದು. ಕೊಠಡಿಯ ಸಾಮಾನ್ಯ ಶಾಖದಲ್ಲಿ ನಾಲ್ಕು ಗಂಟೆ ಇಡಬಹುದು. ಒಳಲೆ ನಮ್ಮ ಅಜ್ಜಿಯರ ಕಾಲದ್ದು, ಬಾಟಲಿಗಿಂತ ಎಷ್ಟೋ ಮೇಲು. ಒಳಗೆ ಸಂದುಗೊಂದು ಇಲ್ಲ, ತೊಳೆದರೆ ಸ್ವಚ್ಛ.

*ನೀರು, ಉಪ್ಪು, ಸಕ್ಕರೆ*

ಊಟದಷ್ಟೇ ಮುಖ್ಯವಾದದ್ದು ಕಳೆದ ನೀರನ್ನು ತುಂಬುವುದು. ಭೇದಿಯಲ್ಲಿ ಮಗು ಸಾಯುವುದು ಬಹುಪಾಲು ನೀರು ಮತ್ತು ಲವಣ ಹೋಗಿ. ಕೂಸಿನ ನೆತ್ತಿ ಗುಳಿ ಬಿದ್ದಿದೆ ಅಂತ ಅಜ್ಜಿ ಹೇಳಿದರೆ ನಗಬೇಡಿ. ಆಕೆ ಕಂಡದ್ದು ಸರಿ, ಅದು ನೀರು ಕಡಿಮೆಯಾದದ್ದರ ಗುರುತು. ನೆತ್ತಿಗೆ ಎಣ್ಣೆ ಇಟ್ಟರೆ ಮಾತ್ರ ಅದು ಮೇಲೇಳುವುದಿಲ್ಲ, ಬಾಯಿಗೆ ನೀರು ಹೋಗಬೇಕು. ಕೆಲವು ಕಡೆ ಈಗಲೂ ಹೊಟ್ಟೆಗೆ ಬರೆ ಹಾಕುವುದುಂಟು. ಅದನ್ನು ಮಾತ್ರ ಯಾವ ಮುಲಾಜೂ ಇಲ್ಲದೆ ತಡೆಯಿರಿ. ಸೊರಗಿದ ಮಗುವಿಗೆ ಸುಟ್ಟ ಗಾಯದಿಂದ ಇನ್ನೊಂದು ಸೋಂಕಿನ ದಾರಿ ತೆರೆದಂತೆ.

1971ರಲ್ಲಿ ಬಾಂಗ್ಲಾದೇಶದ ಯುದ್ಧದ ಸಮಯ, ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದರು. ಬನಗಾಂವ್ ಶಿಬಿರದಲ್ಲಿ ಕಾಲರಾ. ನರಕ್ಕೆ ಹಾಕುವ ಸಲೈನ್ ಖಾಲಿಯಾಯಿತು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಲೋಟದಲ್ಲಿ ಕುಡಿಸಿದರು. ನೂರಕ್ಕೆ ಮೂವತ್ತರ ಆಸುಪಾಸಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅವರು ತೀರಿಕೊಂಡದ್ದು 2022ರಲ್ಲಿ, ಮರುವರ್ಷ ಪದ್ಮವಿಭೂಷಣ ಬಂತು. ನಾವು ಅಂಗಡಿಯಲ್ಲಿ ಕೊಳ್ಳುವ ಓಆರ್‌ಎಸ್ ಪೊಟ್ಟಣ ಆ ದಾರಿಯದ್ದೇ.

ಅದು ಕೆಲಸ ಮಾಡುವ ಬಗೆ ಹೀಗಿದೆ. ಕರುಳಿನ ಗೋಡೆಯಲ್ಲಿ ಗ್ಲೂಕೋಸು ಮತ್ತು ಉಪ್ಪಿನ ಸೋಡಿಯಂ ಜೋಡಿಯಾಗಿ ಒಳಹೋಗುವ ಒಂದು ಬಾಗಿಲಿದೆ. ಎಷ್ಟೇ ಭೇದಿಯಾದರೂ ಆ ಬಾಗಿಲು ಮುಚ್ಚುವುದಿಲ್ಲ. ಆ ಜೋಡಿ ಒಳಗೆ ಹೋದರೆ ನೀರೂ ಹಿಂಬಾಲಿಸುತ್ತದೆ. ಅಳತೆ ತಪ್ಪಿದರೆ ಉಲ್ಟಾ. ಸಕ್ಕರೆ ಜಾಸ್ತಿಯಾದರೆ ಅದು ಮೈಯ ನೀರನ್ನೇ ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ. ತಂಪು ಪಾನೀಯ, ಪ್ಯಾಕೆಟ್ ಜ್ಯೂಸ್ ಬೇಡ ಅನ್ನುವುದು ಅದಕ್ಕೇ. ಓಆರ್‌ಎಸ್ ಅನ್ನುವ ಹೆಸರು ಹಚ್ಚಿಕೊಂಡ ಸಿಹಿ ಪಾನೀಯಗಳು ವರ್ಷಗಟ್ಟಲೆ ಮೆಡಿಕಲ್ ಶಾಪುಗಳಲ್ಲೇ ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಎಂಟು ವರ್ಷ ಇದರ ವಿರುದ್ಧ ಓಡಾಡಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದೆಂದು ಆದೇಶಿಸಿತು. ಕೊಳ್ಳುವಾಗ ಪುಡಿಯ ಪೊಟ್ಟಣವನ್ನೇ ಕೇಳಿ, ಅದರ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿರುವುದನ್ನು ನೋಡಿ. ಆಶಾ ಕಾರ್ಯಕರ್ತೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ಹತ್ತಿರ ಪುಕ್ಕಟೆ ಸಿಗುತ್ತದೆ.

ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ಕುಡಿಯುವ ನೀರಿಗೆ. ಅರ್ಧ ಪೊಟ್ಟಣ ಅಂದಾಜಿನಲ್ಲಿ ಹಾಕುವುದು, ಲೋಟಕ್ಕೊಂದು ಚಿಟಿಕೆ ಹಾಕುವುದು ಎರಡೂ ತಪ್ಪು. ಸಣ್ಣ ಪೊಟ್ಟಣವಾದರೆ 200 ಮಿಲಿ ನೀರಿಗೆ, ಪೊಟ್ಟಣದ ಮೇಲೆ ಬರೆದಿರುತ್ತದೆ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದದ್ದು ಚೆಲ್ಲಿ. ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ಅಂದರೆ ಚಹಾದ ಸಣ್ಣ ಕಪ್ಪಿನಷ್ಟು. ಅದಕ್ಕಿಂತ ದೊಡ್ಡವರಿಗೆ 100ರಿಂದ 200 ಮಿಲಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರು ಮಾಡಿ. ರಾತ್ರಿ ಹೊತ್ತು ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಮಟ್ಟ ಚಮಚ ಉಪ್ಪು. ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿರಬಾರದು. ಉಪ್ಪು ಹಾಕಿದ ಅಕ್ಕಿ ಗಂಜಿಯ ತಿಳಿ, ಮಜ್ಜಿಗೆಯೂ ನಡೆಯುತ್ತದೆ.

ಇದರ ಜೊತೆಗೆ ಜಿಂಕ್ ಮಾತ್ರೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಮಿನ ಒಂದು, ಎರಡರಿಂದ ಆರು ತಿಂಗಳ ಮಗುವಿಗೆ ಅರ್ಧ, ಚಮಚ ನೀರಿನಲ್ಲಿ ಅಥವಾ ತಾಯಿಹಾಲಿನಲ್ಲಿ ಕರಗಿಸಿ 14 ದಿನ. ಭೇದಿ ಮೂರೇ ದಿನಕ್ಕೆ ನಿಂತರೂ 14 ದಿನ. ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿಯಾಗುವ ಸಂಭವವನ್ನು ಇದು ಕಡಿಮೆ ಮಾಡುತ್ತದೆ. ಅದೇ ಸಮೀಕ್ಷೆಯಲ್ಲಿ ಭೇದಿಯಾದ ಮಕ್ಕಳಲ್ಲಿ ಶೇ 60.6 ಮಂದಿಗೆ ಓಆರ್‌ಎಸ್ ಸಿಕ್ಕಿತ್ತು, ಜಿಂಕ್ ಸಿಕ್ಕದ್ದು ಶೇ 30.5 ಮಂದಿಗೆ ಮಾತ್ರ. ನೀರಿನಂಥ ಸಾಮಾನ್ಯ ಭೇದಿಗೆ ಆಂಟಿಬಯಾಟಿಕ್ ಬೇಕಾಗುವುದಿಲ್ಲ. ಭೇದಿ ತಟ್ಟನೆ ನಿಲ್ಲಿಸುವ ದೊಡ್ಡವರ ಮಾತ್ರೆಯನ್ನು ಚಿಕ್ಕ ಮಗುವಿಗೆ ಮುರಿದು ಕೊಡುವುದಂತೂ ಅಪಾಯ.

*ನೀರುಗಂಜಿಯ ಮೋಸ*

ಈಗ ಮುಖ್ಯ ವಿಷಯ, ಊಟ. ಒಂದರಿಂದ ಎರಡು ವರ್ಷದ, ತಾಯಿಹಾಲನ್ನೂ ಕುಡಿಯುವ ಮಗುವಿಗೆ ಊಟದಿಂದ ದಿನಕ್ಕೆ ಸುಮಾರು 550 ಕ್ಯಾಲೊರಿ ಬೇಕು. ತೆಳ್ಳಗೆ ಕುದಿಸಿದ ರಾಗಿ ಅಥವಾ ಜೋಳದ ಅಂಬಲಿಯಲ್ಲಿ 100 ಮಿಲಿಗೆ ಇರುವ ಹಿಟ್ಟು ಹತ್ತು ಗ್ರಾಂ, ಅದರಿಂದ ಸಿಗುವುದು 33 ಕ್ಯಾಲೊರಿ ಆಸುಪಾಸು. 550 ಮುಟ್ಟಬೇಕಾದರೆ ಮಗು ಒಂದೂವರೆ ಲೀಟರಿಗಿಂತ ಹೆಚ್ಚು ಅಂಬಲಿ ಕುಡಿಯಬೇಕು. ಎಂಟು ಕಿಲೋ ಮಗುವಿನ ಹೊಟ್ಟೆ ಹಿಡಿಸುವುದು ಒಂದು ಸಲಕ್ಕೆ ಕಾಲು ಲೀಟರಿನಷ್ಟು. ಹೊಟ್ಟೆ ತುಂಬಿ ಮಗು ಮುಖ ತಿರುಗಿಸುತ್ತದೆ, ಉಣ್ಣಿಸಿದವರಿಗೆ ಸಮಾಧಾನ, ಮೈಗೆ ಮಾತ್ರ ಏನೂ ಸಿಕ್ಕಿಲ್ಲ. ಬೇಳೆಯ ತಿಳಿನೀರು, ಅನ್ನದ ಬಸಿದ ನೀರು ಇವೂ ಇದೇ ಲೆಕ್ಕಕ್ಕೆ. ಬೇಳೆ ತಳದಲ್ಲಿ ಉಳಿದಿರುತ್ತದೆ, ಅದನ್ನು ಹಿಸುಕಿ ಕೊಡಬೇಕು. ತಾಯಿಹಾಲು ಬಿಟ್ಟ ಮಗುವಾದರೆ ಹಾಲು, ಮೊಸರಿನ ಜೊತೆ ಊಟ ಇದಕ್ಕಿಂತ ಬಹಳ ಹೆಚ್ಚು ಬೇಕು. ಊರಿನಲ್ಲಿ ಬಿಟ್ಟು ಬಂದ ಮಗು ಅಂದರೆ ಬಹುಪಾಲು ಇಂಥದ್ದೇ.

ಅದೇ ಬಟ್ಟಲನ್ನು ಹೀಗೆ ಮಾಡಿ ನೋಡಿ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ, ಜೊತೆಗೆ ಹುರಿದ ಹೆಸರುಬೇಳೆ ಅಥವಾ ಪುಟಾಣಿ, ಸ್ವಲ್ಪ ಶೇಂಗಾ, ಎಲ್ಲ ಸೇರಿ ನುಣ್ಣಗೆ ಪುಡಿ. ಈ ಪುಡಿ 20 ಗ್ರಾಂ, ಅಂದರೆ ಎರಡು ದೊಡ್ಡ ಚಮಚದಷ್ಟು, 10 ಗ್ರಾಂ ಬೆಲ್ಲ, ಒಂದು ಚಹಾ ಚಮಚ ಎಣ್ಣೆ ಅಥವಾ ತುಪ್ಪ. 150 ಮಿಲಿ ಬಟ್ಟಲಿಗೆ 150 ಕ್ಯಾಲೊರಿಯ ಹತ್ತಿರ ಬರುತ್ತದೆ, ಪ್ರೋಟೀನೂ ಇದೆ. ನಾಲ್ಕು ಸಣ್ಣ ಬಟ್ಟಲಿಗೆ ದಿನದ ಲೆಕ್ಕ ಮುಗಿಯಿತು. ಮೊಳಕೆ ಕಟ್ಟುವುದು ಶೋಕಿಗಲ್ಲ. ಮೊಳಕೆಯಲ್ಲಿ ಹುಟ್ಟುವ ಒಂದು ಕಿಣ್ವ ಹಿಟ್ಟಿನ ಪಿಷ್ಟವನ್ನು ಮುರಿಯುತ್ತದೆ, ಆದ್ದರಿಂದ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ಮುದ್ದೆಯಾಗದೆ ಮೆತ್ತಗೆ ಇಳಿಯುತ್ತದೆ. ಮೈಸೂರು ಕಡೆಯ ರಾಗಿ ಸರಿಯ ಗುಟ್ಟು ಇದೇ. ಬೂಷ್ಟು ಹಿಡಿದ ಶೇಂಗಾ ಮಾತ್ರ ಬೇಡ, ಇಡೀ ಕಾಳೂ ಬೇಡ, ಗಂಟಲಿಗೆ ಸಿಕ್ಕೀತು.

ಭೇದಿ ಇರುವಾಗ ಮೆತ್ತಗಿನ ಅನ್ನ-ಬೇಳೆ, ಮೊಸರನ್ನ, ಹಿಸುಕಿದ ಬಾಳೆಹಣ್ಣು, ಇಡ್ಲಿ, ಬೆಂದ ಮೊಟ್ಟೆ, ಮೇಲೆ ಹೇಳಿದ ಗಂಜಿ, ಸ್ವಲ್ಪ ಸ್ವಲ್ಪವಾಗಿ ಮೂರು ನಾಲ್ಕು ಗಂಟೆಗೊಮ್ಮೆ. ಭೇದಿ ನಿಂತ ದಿನದಿಂದ ಎರಡು ವಾರ ಮಾಮೂಲಿ ಊಟದ ಮೇಲೆ ದಿನಕ್ಕೆ ಒಂದು ಊಟ ಹೆಚ್ಚು. ಹಸಿವು ವಾಪಸ್ ಬರುವ ಕಾಲ ಅದು, ಮಗು ತಾನಾಗಿ ಕೇಳುತ್ತದೆ. ಕಳೆದ ತೂಕ ಹಿಂದಿರುಗುವುದು ಆಗಲೇ. ಆ ಹದಿನೈದು ದಿನ ಮಗುವಿಗೆ ಬರೀ ಚಹಾ-ಬಿಸ್ಕಿಟ್ಟು ಸಿಕ್ಕರೆ ಮುಂದಿನ ಭೇದಿಗೆ ಕದ ತೆರೆದಿಟ್ಟ ಹಾಗೆ. ನನ್ನ ದೃಷ್ಟಿಯಲ್ಲಿ ಹಳ್ಳಿಯ ಮಗುವಿನ ಹಸಿವನ್ನು ಕೊಲ್ಲುತ್ತಿರುವುದು ಬಡತನದಷ್ಟೇ ಈ ಚಹಾ ಮತ್ತು ಐದು ರೂಪಾಯಿಯ ಕುರುಕಲು ಪ್ಯಾಕೆಟ್ಟು. ಅದೇ ಐದು ರೂಪಾಯಿ ಆಗೀಗ ಮೊಟ್ಟೆಗೂ ಶೇಂಗಾಕ್ಕೂ ಹೋಗಬಹುದು. ಎತ್ತರ ಬೆಳೆಸುತ್ತೇವೆ ಅನ್ನುವ ಡಬ್ಬಿಯ ಪುಡಿಗೆ ನೂರಾರು ರೂಪಾಯಿ ಕಳಿಸುವ ಅಪ್ಪಂದಿರೂ ಇದ್ದಾರೆ. ಆ ಹಣಕ್ಕೆ ತಿಂಗಳ ಮೊಟ್ಟೆ ಬರುತ್ತದೆ.

*ಫೋನಿನಲ್ಲಿ ಕೇಳಬೇಕಾದದ್ದು*

ದೂರದಲ್ಲಿರುವವರು "ಭೇದಿ ನಿಂತಿತಾ" ಅಂತ ಕೇಳಿ ಇಡುತ್ತೇವೆ. ಅದರ ಬದಲು, ಇವತ್ತು ಬೆಳಗಿನಿಂದ ಏನೇನು ತಿಂದಿತು, ಬಟ್ಟಲು ಎಷ್ಟು ದೊಡ್ಡದು, ಯಾರು ಉಣ್ಣಿಸಿದರು ಅಂತ ಕೇಳಿ. ಜಿಂಕ್ ಮಾತ್ರೆ ಎಷ್ಟು ಉಳಿದಿವೆ, ಎಣಿಸಿ ಹೇಳಲು ಹೇಳಿ. ಮೂತ್ರ ಯಾವಾಗ ಮಾಡಿತು ಕೇಳಿ. ಸಾಧ್ಯವಾದರೆ ವಿಡಿಯೊ ಕಾಲಿನಲ್ಲಿ ಮಗುವಿನ ಕಣ್ಣು, ತೋಳು, ಪಾದ ನೋಡಿ. ಅಜ್ಜಿಯನ್ನು ಗದರಬೇಡಿ. ಅರವತ್ತು ವಯಸ್ಸಿನಲ್ಲಿ ಹೊಲ, ದನ, ಎರಡು ಮೂರು ಮೊಮ್ಮಕ್ಕಳನ್ನು ಒಬ್ಬಳೇ ನೋಡಿಕೊಳ್ಳುವಾಕೆಗೆ ನಾಲ್ಕು ಸಲ ಉಣ್ಣಿಸು ಅನ್ನುವುದು ಸುಲಭದ ಮಾತಲ್ಲ. ಊರಿನ ಗ್ರಾಮ ಪಂಚಾಯಿತಿಯಲ್ಲಿ 'ಕೂಸಿನ ಮನೆ' ಇದೆಯೇ ವಿಚಾರಿಸಿ. ಹಗಲು ಹೊತ್ತು ಮೂರು ವರ್ಷದೊಳಗಿನ ಮಕ್ಕಳನ್ನು ಅಲ್ಲಿ ನೋಡಿಕೊಳ್ಳುತ್ತಾರೆ.

ಅಂಗನವಾಡಿ ಕಾರ್ಯಕರ್ತೆಯ ನಂಬರು ನಿಮ್ಮ ಫೋನಿನಲ್ಲಿರಲಿ. ಅವರ ಹತ್ತಿರ ಕೆಂಪು, ಹಳದಿ, ಹಸಿರು ಬಣ್ಣದ ತೋಳಳತೆಯ ಪಟ್ಟಿ ಇರುತ್ತದೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ಎಡತೋಳಿನ ನಡುಭಾಗದ ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಮಗು ಸೊರಗಿದೆ. 11.5ಕ್ಕಿಂತ ಕಡಿಮೆಯಾದರೆ ತೀವ್ರ ಅಪೌಷ್ಟಿಕತೆ, ಅದಕ್ಕೆ ಮನೆಯ ಊಟ ಒಂದೇ ಸಾಲದು. ಇನ್ನೊಂದು, ಎರಡೂ ಪಾದಗಳ ಮೇಲೆ ಹೆಬ್ಬೆರಳಿನಿಂದ ಕೆಲವು ಸೆಕೆಂಡು ಒತ್ತಿ ಬಿಟ್ಟಾಗ ಗುಳಿ ಉಳಿದರೆ ಅದೂ ತೀವ್ರವೇ. ಇಂಥ ಮಗು ಗುಂಡುಗುಂಡಾಗಿ ಕಂಡು, ಫೋಟೊದಲ್ಲಿ "ಚಲೋ ಅದ" ಅನ್ನಿಸುತ್ತದೆ. ಅದು ಮಾಂಸವಲ್ಲ, ಬಾವು.

ತೀವ್ರವಾಗಿ ಸೊರಗಿದ ಮಗುವಿಗೆ ಭೇದಿಯಾದರೆ ಮನೆಯಲ್ಲಿ ದಿನ ನೂಕಬೇಡಿ. ಅಂಥ ಮಗುವಿನ ಹೃದಯಕ್ಕೆ ಹೆಚ್ಚು ಉಪ್ಪುನೀರಿನ ಭಾರವೂ ತಡೆಯುವುದಿಲ್ಲ, ಆಸ್ಪತ್ರೆಯವರೇ ಅಳೆದು ಕೊಡಬೇಕು. ಜಿಲ್ಲಾಸ್ಪತ್ರೆಗಳಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ಸುಮಾರು 14 ದಿನ ಉಚಿತವಾಗಿ ಇಟ್ಟುಕೊಂಡು ವಿಶೇಷ ಹಾಲಿನ ಆಹಾರದಿಂದ ಮಗುವನ್ನು ಎತ್ತುತ್ತಾರೆ, ಜೊತೆಗಿರುವ ತಾಯಿಗೆ ಊಟ ಮತ್ತು ಕೂಲಿನಷ್ಟಕ್ಕೆ ಒಂದಿಷ್ಟು ಹಣವೂ ಸಿಗುತ್ತದೆ. ಅಷ್ಟು ದಿನ ಇರಲು ಆಗುವುದಿಲ್ಲ ಅಂತ ಅರ್ಧಕ್ಕೆ ಬಿಡಿಸಿಕೊಂಡು ಹೋಗುವವರೇ ಹೆಚ್ಚು. ಮೇಸ್ತ್ರಿಯ ಹತ್ತಿರ ಮುಂಗಡ ಇಸಿದುಕೊಂಡಿದ್ದರೂ ಈ ಎರಡು ವಾರದ ರಜೆ ಕೇಳಿ ತಾಯಿ ಊರಿಗೆ ಹೋಗುವುದೇ ಸರಿ ಅಂತ ನಾನು ಹೇಳುತ್ತೇನೆ.

ತೋಳಳತೆ ಚೆನ್ನಾಗಿದ್ದರೂ ಈ ಗುರುತು ಕಂಡರೆ ಕಾಯಬಾರದು: ಮಗು ಏನೂ ಕುಡಿಯುತ್ತಿಲ್ಲ, ಕುಡಿದದ್ದೆಲ್ಲ ವಾಂತಿ, ಕಣ್ಣು ಒಳಗೆ ಹೋಗಿದೆ, ಅತ್ತರೆ ಕಣ್ಣೀರಿಲ್ಲ, ಆರು ಗಂಟೆಯಿಂದ ಮೂತ್ರ ಇಲ್ಲ, ಎಬ್ಬಿಸಿದರೂ ಏಳುತ್ತಿಲ್ಲ, ಫಿಟ್ಸ್, ಭೇದಿಯಲ್ಲಿ ರಕ್ತ. ಎರಡು ತಿಂಗಳೊಳಗಿನ ಕೂಸಿಗೆ ಭೇದಿ ಅನ್ನಿಸಿದ ಕೂಡಲೇ, ಮತ್ತು ಯಾವ ಮಗುವಿಗಾದರೂ ಭೇದಿ 14 ದಿನ ದಾಟಿದರೆ ಡಾಕ್ಟರಿಗೆ ತೋರಿಸಬೇಕು. ಊರಿನಲ್ಲಿ 108ಕ್ಕೆ ಫೋನ್ ಮಾಡಿಸಿ. ದಾರಿಯುದ್ದಕ್ಕೂ ಚಮಚ ಚಮಚ ಓಆರ್‌ಎಸ್ ಹೋಗುತ್ತಿರಲಿ.

ಲಸಿಕೆಯನ್ನೂ ಕೇಳಿಬಿಡಿ. ಚಿಕ್ಕ ಮಕ್ಕಳ ಜೋರು ಭೇದಿಗೆ ದೊಡ್ಡ ಕಾರಣ ರೋಟಾ ವೈರಸ್. ಅದರ ಹನಿ 6, 10, 14 ವಾರಕ್ಕೆ ಪುಕ್ಕಟೆ. ದಡಾರ-ರುಬೆಲ್ಲಾ ಚುಚ್ಚುಮದ್ದು 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ದಡಾರ ಬಂದು ಹೋದ ಮಗುವಿನ ರೋಗನಿರೋಧಕ ಶಕ್ತಿ ತಿಂಗಳುಗಟ್ಟಲೆ ಕುಂದಿರುತ್ತದೆ, ಅದರ ಬೆನ್ನಿಗೇ ಭೇದಿ ಬರುವುದು ಹಳ್ಳಿಯಲ್ಲಿ ಎಲ್ಲರೂ ಕಂಡದ್ದೇ. 9 ತಿಂಗಳಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ವಿಟಮಿನ್ ಎ ಹನಿಯೂ ಇದೆ.

*ಜೊತೆಗೆ ಕರೆತಂದ ಮಕ್ಕಳು*

ದಸರಾ-ದೀಪಾವಳಿ ಮುಗಿಸಿ ಹೊರಟು ಯುಗಾದಿಗೆ ಮರಳುವ ಕುಟುಂಬಗಳ ಮಕ್ಕಳು ಎರಡೂ ಕಡೆಯ ಪಟ್ಟಿಯಿಂದ ಜಾರಿಹೋಗುತ್ತಾರೆ. ಊರಿನ ಅಂಗನವಾಡಿಯಲ್ಲಿ ಹೆಸರಿದೆ, ಮಗು ಪುಣೆಯಲ್ಲಿದೆ. ಕೇಂದ್ರ ಸರ್ಕಾರದ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಹೆಸರನ್ನು ಒಂದು ರಾಜ್ಯದ ಅಂಗನವಾಡಿಯಿಂದ ಇನ್ನೊಂದು ರಾಜ್ಯದ ಅಂಗನವಾಡಿಗೆ ವರ್ಗಾಯಿಸುವ ಸೌಲಭ್ಯ ಇದೆ. ನೀವಿರುವ ಕಡೆಯ ಅಂಗನವಾಡಿಗೆ ಹೋಗಿ ಆಧಾರ್ ಮತ್ತು ತಾಯಿ ಕಾರ್ಡು ತೋರಿಸಿ ಕೇಳಿ. ಮರಾಠಿ, ತಮಿಳು, ತೆಲುಗು, ಹಿಂದಿ ಬಾರದಿದ್ದರೆ ಈ ಗುಂಪಿನಲ್ಲಿ ಭಾಷೆ ಬಲ್ಲವರು ಒಂದರ್ಧ ಗಂಟೆ ಜೊತೆಗೆ ಹೋಗಿ ಬರಬಹುದಲ್ಲವೇ? ಆರು ತಿಂಗಳಿಂದ ಮೂರು ವರ್ಷದವರೆಗೆ ಮನೆಗೊಯ್ಯುವ ಪೌಷ್ಟಿಕ ಆಹಾರ, ಅದರ ಮೇಲಿನವರಿಗೆ ಬಿಸಿಯೂಟ, ಎಲ್ಲ ರಾಜ್ಯದಲ್ಲೂ ಇದೆ. ಊರಿನ ರೇಷನ್ ಕಾರ್ಡಿನ ಕೇಂದ್ರದ ಪಾಲಿನ ಧಾನ್ಯವನ್ನೂ ಹೊರರಾಜ್ಯದಲ್ಲಿ ಹೆಬ್ಬೆಟ್ಟು ಒತ್ತಿ ಪಡೆಯಬಹುದು, ಊರಿನಲ್ಲಿರುವವರು ಉಳಿದ ಪಾಲು ಅಲ್ಲೇ ಪಡೆಯಬಹುದು. ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ 1969ರಲ್ಲಿ ದೆಹಲಿಯಲ್ಲಿ ಮೀರಾ ಮಹಾದೇವನ್ ಶುರು ಮಾಡಿದ ಮೊಬೈಲ್ ಕ್ರೆಶ್‌ಗಳು ಮುಂಬೈ, ಪುಣೆಯ ಸೈಟುಗಳಲ್ಲೂ ನಡೆಯುತ್ತಿವೆ. ನಿಮ್ಮ ಸೈಟಿನಲ್ಲಿ ಇಲ್ಲದಿದ್ದರೆ ಬಿಲ್ಡರಿನ ಸೂಪರ್‌ವೈಸರ್ ಹತ್ತಿರ ನಾಲ್ಕೈದು ಮನೆಯವರು ಒಟ್ಟಿಗೆ ಹೋಗಿ ಕೇಳಿ, ಒಬ್ಬರೇ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ.

ಸೈಟಿನ ನೀರು ಟ್ಯಾಂಕರಿನದ್ದು, ಡ್ರಮ್ಮಿನದ್ದು. ಸಿಮೆಂಟು ಕಲಸಲು ತಂದ ನೀರನ್ನೇ ಕುಡಿಯುವ ಕಡೆಯೂ ಇದೆ. ಮಗುವಿನ ಕುಡಿಯುವ ನೀರನ್ನಾದರೂ ಕಳಕಳ ಕುದಿಸಿ, ಬೇರೆ ಪಾತ್ರೆಯಲ್ಲಿ ಮುಚ್ಚಿಡಿ, ಉದ್ದ ಹಿಡಿಯ ಸೌಟಿನಿಂದ ತೆಗೆಯಿರಿ, ಕೈ ಅದ್ದಬೇಡಿ. ಮಗುವಿನ ಕಕ್ಕಸು ಏನೂ ಆಗುವುದಿಲ್ಲ ಅಂತ ಮೂಲೆಗೆಸೆಯುವ ರೂಢಿ ಇದೆ. ಅದರಲ್ಲೂ ದೊಡ್ಡವರದ್ದರಷ್ಟೇ ರೋಗಾಣು ಇರುತ್ತದೆ. ಮಗುವನ್ನು ತೊಳೆದ ಮೇಲೆ ಮತ್ತು ಉಣ್ಣಿಸುವ ಮೊದಲು, ಈ ಎರಡು ಹೊತ್ತಿನಲ್ಲಿ ಸೋಪು ತಪ್ಪದಿರಲಿ. ಸೋಪಿನಿಂದ ಕೈ ತೊಳೆಯುವ ರೂಢಿಯೊಂದೇ ಭೇದಿಯನ್ನು ನೂರಕ್ಕೆ ಸುಮಾರು 30ರಷ್ಟು ಕಡಿಮೆ ಮಾಡುತ್ತದೆ. ಬೆಳಿಗ್ಗೆ ಐದಕ್ಕೆ ಮಾಡಿಟ್ಟ ಅನ್ನವನ್ನು ಮಧ್ಯಾಹ್ನ ಪತ್ರಾಸಿನ ಶೆಡ್ಡಿನ ಬಿಸಿಯಲ್ಲಿ ಮಗುವಿಗೆ ಉಣ್ಣಿಸುವ ಬದಲು ಹುರಿದ ಹಿಟ್ಟಿನ ಡಬ್ಬಿ ಇಟ್ಟುಕೊಳ್ಳಿ. ಕುದಿಸಿಟ್ಟ ನೀರಿನಲ್ಲಿ ಕಲಸಿದರೆ ಐದು ನಿಮಿಷದಲ್ಲಿ ತಾಜಾ ಊಟ. ಪುಟಾಣಿ, ರಾಗಿ ಹುರಿಹಿಟ್ಟು, ಬೆಲ್ಲ ಊರಿನಿಂದ ಬರುವವರ ಕೈಯಲ್ಲಿ ತರಿಸಿಕೊಳ್ಳಿ, ಡಬ್ಬಿಯ ಮುಚ್ಚಳ ಗಟ್ಟಿಯಾಗಿದ್ದರೆ ಒಂದು ತಿಂಗಳು ಕೆಡುವುದಿಲ್ಲ.

ಮುಂದಿನ ಕಂತು: ಗರ್ಭಿಣಿಯರ ರಕ್ತಹೀನತೆ ಮತ್ತು ಕಬ್ಬಿಣದ ಮಾತ್ರೆ.